ಅಳೆಯದ ಜಾಗಕ್ಕೆ ಗೆರೆ ಎಳೆಯದವರು

ಮಕ್ಕಳೇ, ಹೋದ ತಿಂಗಳು ನಮ್ಮೂರ ಹೈಸ್ಕೂಲಿನ ಹೆಡ್‌ಮಾಸ್ಟರು ಮನೆಗೆ ಬಂದಿದ್ದರು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು. ಒಳ್ಳೆಯವರು, ವಯಸ್ಸು ಚಿಕ್ಕದು. ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದರು.

"ಅಮ್ಮ, ಮೇಡಂ ಮಾಡ್ಸಿದ್ದ ಆ ನಕ್ಷತ್ರದ ಚಾರ್ಟಿಗೆ ಫಸ್ಟ್ ಪ್ರೈಜ್ ಬಂದಿತ್ತು ಅಂತ ಸಭೇಲಿ ಒಂದ್ ಮಾತು ಹೇಳ್ಬುಡಿ. ಅಷ್ಟು ಸಾಕು."

ಶಾಲೆಗೆ ಹೊಸ ಪ್ರಯೋಗಶಾಲೆ ಬಂದಿದೆ. ಹಳೆಯ ವಿದ್ಯಾರ್ಥಿಗಳು ಕಟ್ಟಿಸಿಕೊಟ್ಟಿದ್ದಾರೆ. ಬಾಗಿಲ ಮೇಲೆ ಯಾರ ಹೆಸರು ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಕಟ್ಟಿಸಿದವರಲ್ಲಿ ಮುಖ್ಯನಾದವನಿಗೆ ತನ್ನ ತಂದೆಯ ಹೆಸರಿಡುವ ಆಸೆ. ಹೆಡ್‌ಮಾಸ್ಟರಿಗೆ ಹಿಂದೆ ಇಲ್ಲಿ ವಿಜ್ಞಾನ ಕಲಿಸಿದ ನಮ್ಮ ಮೇಡಂ ಹೆಸರಿಡುವ ಆಸೆ. ಮೇಡಂ ಈ ಆಷಾಢದಲ್ಲಿ ಶ್ರೀರಂಗಪಟ್ಟಣದ ತಮ್ಮನ ಮನೆಯಲ್ಲಿ ತೀರಿಕೊಂಡರು. "ಶಾಲೆಗೆ ಬಹುಮಾನ ತಂದ ಟೀಚರಾದರೆ ಸರಿ, ಅವರ ಹೆಸರೇ ಇಡಿ" ಎಂದು ಆ ಮನುಷ್ಯ ಒಪ್ಪಿಕೊಂಡಿದ್ದನಂತೆ. ಶಾಲೆಯ ಹಳೆಯ ಕಾಗದಗಳನ್ನು ಗೆದ್ದಲು ತಿಂದಿದೆ. ಅವತ್ತು ಜೊತೆಗಿದ್ದ ಹುಡುಗಿಯರು ಮದುವೆಯಾಗಿ ಎಲ್ಲೆಲ್ಲೋ ಹೋದರು, ಆ ಚಾರ್ಟು ಬಿಡಿಸಿದ ನಾನೊಬ್ಬಳು ಊರಿನಲ್ಲಿ ಉಳಿದಿದ್ದೇನೆ. ನಾನು ಹೂಂ ಎಂದರೆ ಮೇಡಂ ಹೆಸರು, ಉಹೂಂ ಎಂದರೆ ಆತನ ತಂದೆಯ ಹೆಸರು.

ಹೋಗುವಾಗ ಅವರು ಒಂದು ಬಣ್ಣದ ಹಾಳೆ ಬಿಟ್ಟುಹೋದರು. ನಮ್ಮ ಚಾರ್ಟನ್ನೇ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿಸಿದ್ದು. ಒಂದು ತುದಿಯಿಂದ ಇನ್ನೊಂದು ತುದಿಗೆ ಸೀರೆಯಂಚಿನ ಹಾಗೆ ಗೆರೆ ಹರಿದಿತ್ತು. ಎಲ್ಲೂ ತಡೆಯಿಲ್ಲ, ಬಿಡುವಿಲ್ಲ. ಕೆಳಗೆ ದಪ್ಪಕ್ಷರದಲ್ಲಿ 'ಪ್ರಥಮ ಬಹುಮಾನ' ಎಂದಿತ್ತು. ಹಾಳೆಯನ್ನು ಮಗುಚಿಟ್ಟೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಪಾಲಹಳ್ಳಿಯಲ್ಲಿ ಏಳನೇ ತರಗತಿಯವರೆಗೆ ಓದಿದವಳು, ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವಳು. ಅಡುಗೆಯವಳಿಗೆ ನಕ್ಷತ್ರದ ಬೆಳಕಿನ ವಿಷಯ ಏನು ಗೊತ್ತು ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಈ ಹಾಳೆಗಳನ್ನು ತೋರಿಸಿ.

ಅವರ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಕರೆದವಳಲ್ಲ. ಈಗ ಬರೆಯಲೂ ಕೈ ಬಾರದು. ಮೇಡಂ ಎಂದೇ ಬರೆಯುತ್ತೇನೆ.

ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಅರಕೆರೆಗೆ ಬಂದು ಇಳಿದು, ಅಲ್ಲಿಂದ ನಾಲೆ ಏರಿಯ ಮೇಲೆ ಛತ್ರಿ ಹಿಡಿದು ನಡೆದುಬರುತ್ತಿದ್ದರು. ಉದ್ದ ಆಳು, ಸಣಕಲು. ಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದರು, ಅದೂ ಮುಖ ಒಳಗೆ ಮಾಡಿ. ಶಾಲೆಗೆ ಬಂದ ಕೂಡಲೇ ಬುರ್ಖಾ ತೆಗೆದು ನಾಲ್ಕು ಮಡಿಕೆ ಮಾಡಿ ಬೀರುವಿನಲ್ಲಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೇರ ಅಡುಗೆಮನೆಗೆ ಬರುತ್ತಿದ್ದರು. ಮಕ್ಕಳಿಗೆ ಬಡಿಸುವ ಮೊದಲು ರುಚಿ ನೋಡುವ ಸರದಿ ಅವರದು.

ಮೊದಲ ದಿನವೇ ನನ್ನನ್ನು ಹಿಡಿದುಹಾಕಿದರು.

"ಅಕ್ಕಾ, ಉಪ್ಪು ಸರಿ ಇದೆಯಾ?"

"ಸರಿ ಇರ್ಬೈದು ಮೇಡಮ್ಮೋರೆ."

"ಇರ್ಬೈದು ಅಂದ್ರೆ? ನೋಡಿದ್ರಾ, ಅಂದ್ಕೊಂಡ್ರಾ?"

"ಅಂದ್ಕಂಡೆ."

"ಹಂಗಾದ್ರೆ ಗೊತ್ತಿಲ್ಲ ಅನ್ನಿ. ಗೊತ್ತಿಲ್ಲ ಅಂದ್ರೆ ನಾಲಿಗೆ ಏನು ಸವೆದುಹೋಗಲ್ಲ."

ನನಗೆ ಅಳು ಬಂದಿತ್ತು. ನಿಮ್ಮ ತಾತ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಯಾರು ಜೋರಾಗಿ ಮಾತಾಡಿದರೂ ಕಣ್ಣು ತುಂಬಿಕೊಳ್ಳುತ್ತಿದ್ದ ಕಾಲ. ಆದರೆ ಆಮೇಲೆ ಯೋಚಿಸಿದರೆ ಅವರು ಜೋರಾಗಿ ಮಾತಾಡಿರಲೇ ಇಲ್ಲ.

ರಂಜಾನ್ ತಿಂಗಳಿನಲ್ಲಿ ಅವರು ಒಂದು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಆಗ ರುಚಿ ನೋಡುವ ಕೆಲಸವನ್ನು ಇನ್ನೊಬ್ಬ ಮೇಷ್ಟ್ರಿಗೆ ವಹಿಸಿ, ತಾವು ಸಾರಿನ ಹಬೆಯ ಪಕ್ಕದಲ್ಲಿ ನಿಂತು ಮಕ್ಕಳ ತಟ್ಟೆ ನೋಡುತ್ತಿದ್ದರು. "ರುಚಿ ಪುಸ್ತಕದಲ್ಲಿ ನೀವೇ ಒಂದ್ ಸೈನ್ ಹಾಕ್ಬುಡಿ ಮೇಡಂ, ದಿನಾ ಹಾಕ್ತೀರಲ್ಲ" ಎಂದು ಆ ಮೇಷ್ಟ್ರು ಒಮ್ಮೆ ಪುಸ್ತಕ ಚಾಚಿದರು. "ನಾನು ತಿಂದಿಲ್ಲವಲ್ಲ ಸರ್" ಎಂದು ಅದನ್ನು ಅವರ ಕೈಗೇ ತಿರುಗಿಸಿದರು.

ಊರಿನ ಗಂಡಸರಿಗೆ ಅವರನ್ನು ಕೆಣಕುವುದೆಂದರೆ ಖುಷಿ. ಒಂದು ದಿನ ಟೀ ಅಂಗಡಿಯ ಮುಂದೆ ಹಾಯುತ್ತಿದ್ದಾಗ ಯಜಮಾನನೊಬ್ಬ ಕೂಗಿದ.

"ಏನ್ ಮೇಡಮ್ಮೋರೆ, ನಮ್ ಐಕ್ಳಿಗೆ ನಕ್ಸತ್ರ ಓದೋದ್ ಕಲುಸ್ತಾ ಇದ್ದೀರಂತೆ. ನಮ್ ಮಗ್ಳಿಗೆ ಮದ್ವೆ ಯಾವಾಗ ಕೂಡ್ ಬತ್ತದೆ, ವಸಿ ನೋಡಿ ಯೋಳಿ."

ಮೇಡಂ ಛತ್ರಿ ಮಡಿಸಿ ನಿಂತರು. "ನಕ್ಷತ್ರದೊಳಗೆ ಏನೇನಿದೆ ಅಂತ ಹೇಳ್ತೀನಿ ಯಜಮಾನ್ರೇ. ನಿಮ್ಮ ಅಳಿಯ ಎಲ್ಲಿದ್ದಾನೆ ಅನ್ನೋದು ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹುಡುಗಿ ಒಂಬತ್ತನೇ ಕ್ಲಾಸು, ನಾಳೆ ಸ್ಕೂಲಿಗೆ ಕಳಿಸಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹುಡುಗಿ ಮಾರನೆಯ ದಿನ ಶಾಲೆಗೆ ಬಂದಳು.

ಅವರನ್ನು ದೇವತೆ ಮಾಡಲು ನಾನು ಕೂತಿಲ್ಲ. ಕಟುವಾದ ಹೆಂಗಸು. ಪಕ್ಕದವಳ ಪುಸ್ತಕ ನೋಡಿ ಬಿಸಿನೀರಿನ ಡಿಗ್ರಿ ಬರೆದುಕೊಂಡಿದ್ದ ಹುಡುಗಿಯನ್ನು ತರಗತಿಯ ಮುಂದೆ ನಿಲ್ಲಿಸಿ ಅಳಿಸಿಬಿಟ್ಟರು. ಆ ಮಗು ಮೂರು ದಿನ ಶಾಲೆಗೆ ಬರಲಿಲ್ಲ. ಅದಕ್ಕೆ ಅವರು ಮರುಗಿದ್ದನ್ನು ನಾನು ಕಾಣೆ. ಯಾರನ್ನೂ ಹೊಗಳುತ್ತಿರಲಿಲ್ಲ. ಅವರ ದೊಡ್ಡ ಹೊಗಳಿಕೆ ಎಂದರೆ ಒಂದು "ಹ್ಞೂಂ".

ಆ ಹ್ಞೂಂ ನನಗೆ ಸಿಕ್ಕಿದ್ದು ಒಂದು ಸ್ವಾತಂತ್ರ್ಯ ದಿನದಂದು. ಶಾಲೆಯ ಅಂಗಳದಲ್ಲಿ ನಾನು ದೊಡ್ಡ ರಂಗೋಲಿ ಹಾಕಿದ್ದೆ. ಮೇಡಂ ಬಂದು ಚುಕ್ಕಿ ಚುಕ್ಕಿಗೂ ಸ್ಕೇಲು ಹಿಡಿದು ನೋಡಿದರು.

"ಏನಿಟ್ಟು ಅಳೆದ್ರಿ?"

"ಬೆಳ್ಳು ಮೇಡಮ್ಮೋರೆ. ಎರಡ್ ಬೆಳ್ಳು ಬುಟ್ಟು ಒಂದು."

"ಹ್ಞೂಂ."

ವಾರ ಕಳೆದ ಮೇಲೆ ಅವರು ಅಡುಗೆಮನೆಗೆ ಒಂದು ಕಾಗದದ ಕಟ್ಟು ತಂದರು. ಅವರ ಜೊತೆ ಓದಿದ ಒಬ್ಬರು ದೂರದ ಬೆಟ್ಟದ ಮೇಲೆ ದೊಡ್ಡ ದೂರದರ್ಶಕ ಇರುವ ಕಡೆ ಕೆಲಸ ಮಾಡುತ್ತಿದ್ದರಂತೆ. ಅವರು ಒಂದು ನಕ್ಷತ್ರದ ಅಂಕಿಗಳನ್ನು ಕಳಿಸಿದ್ದರು. ಪಟ್ಟಿಯಲ್ಲಿ ಎರಡು ಸಾಲು. ಮುನ್ನೂರಕ್ಕೂ ಮೇಲೆ ಅಂಕಿಗಳು.

ನಕ್ಷತ್ರದ ಬೆಳಕು ಬಿಳಿಯಾಗಿ ಕಂಡರೂ ಅದರೊಳಗೆ ಎಲ್ಲ ಬಣ್ಣಗಳೂ ಇವೆ. ಕಾಮನಬಿಲ್ಲಿನ ಹಾಗೆ ಅದನ್ನು ಬಿಚ್ಚಿ ಹರಡುವ ಯಂತ್ರ ಇದೆ. ಒಂದೊಂದು ಬಣ್ಣಕ್ಕೂ ಒಂದೊಂದು ಅಂಕಿ, ಅದನ್ನು ತರಂಗಾಂತರ ಎನ್ನುತ್ತಾರೆ. ನೀಲಿಯ ಕಡೆ ನಾಲ್ಕು ಸಾವಿರ, ಕೆಂಪಿನ ಕಡೆ ಏಳು ಸಾವಿರ. ಯಾವ ಅಂಕಿಯಲ್ಲಿ ಎಷ್ಟು ಬೆಳಕು ಎಂದು ಅಳೆದು ಚುಕ್ಕಿ ಇಡುತ್ತಾ ಹೋದರೆ ಕೆಲವು ಕಡೆ ಹಳ್ಳ ಬೀಳುತ್ತದೆ. ಅಲ್ಲಿನ ಬೆಳಕನ್ನು ನಕ್ಷತ್ರದ ಮೈಮೇಲಿನ ಅನಿಲ ನುಂಗಿದೆ ಎಂದರ್ಥ. ಯಾವ ಹಳ್ಳ ಎಲ್ಲಿದೆ ಎಂದು ನೋಡಿ ಅಲ್ಲಿ ಯಾವ ಅನಿಲ ಇದೆ ಎಂದು ಹೇಳುತ್ತಾರೆ. ಇಷ್ಟನ್ನು ಮೇಡಂ ನನಗೆ ಸೊಪ್ಪು ಸೋಸುವಷ್ಟು ಹೊತ್ತಿನಲ್ಲಿ ಹೇಳಿಕೊಟ್ಟರು.

"ಪಾಂಡವಪುರದಲ್ಲಿ ತಾಲ್ಲೂಕುಗಳೆಲ್ಲ ಸೇರಿ ವಿಜ್ಞಾನ ವಸ್ತುಪ್ರದರ್ಶನ ಇದೆ ಅಕ್ಕಾ. ಫಸ್ಟ್ ಬಂದ ಸ್ಕೂಲಿಗೆ ದೂರದರ್ಶಕ ಕೊಡ್ತಾರೆ. ನಿಮ್ಮ ಕೈ ನನಗೆ ಬೇಕು."

ಆ ದೂರದರ್ಶಕಕ್ಕಾಗಿ ಅವರು ಎಷ್ಟು ವರ್ಷದಿಂದ ಅರ್ಜಿ ಬರೆಯುತ್ತಿದ್ದರೆಂದು ಶಾಲೆಗೆಲ್ಲ ಗೊತ್ತಿತ್ತು. ಅದು ಬಂದರೆ ಇಡಬೇಕೆಂದು ಮೆಟ್ಟಿಲ ಕೆಳಗಿನ ಜಾಗವನ್ನು ತಾವೇ ಗುಡಿಸಿಟ್ಟಿದ್ದರು.

ಅಂಗಡಿಯ ಚಾರ್ಟುಗಳು ಸಾಲವು ಎಂದರು. ನಾನು ನಿಮ್ಮ ತಾತನ ಒಂದು ಬಿಳಿ ಪಂಚೆ ತಂದೆ. ಅವರ ಬಡಗಿ ಕೆಲಸದ ಅಡಿಕೋಲನ್ನೂ ತಂದೆ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಕಪ್ಪು ಬಣ್ಣದಲ್ಲಿ ಅದ್ದಿ, ಮಕ್ಕಳ ಊಟ ಮುಗಿದ ಮೇಲೆ ದಿನಾ ಒಂದಿಷ್ಟು ಚುಕ್ಕಿ. ಎರಡನೆಯ ಸಾಲಿನ ಅಂಕಿ ನೋಡಿ ಎತ್ತರ ಅಳೆದೆ. ಒಂದು ಕೂದಲೆಳೆ ತಪ್ಪಲಿಲ್ಲ. ಮೊದಲನೆಯ ಸಾಲನ್ನು ನಾನು ನೋಡಲೇ ಇಲ್ಲ. ಅದು ಬರೀ ವರಸೆಯ ನಂಬರು ಎಂದುಕೊಂಡುಬಿಟ್ಟೆ. ಚುಕ್ಕಿಗಳ ನಡುವೆ ಸಮವಾಗಿ ಅರ್ಧ ಬೆರಳು ಬಿಟ್ಟೆ. ಬಿಡುವು ಸಮ ಇಲ್ಲದಿದ್ದರೆ ಅದು ರಂಗೋಲಿಯೇ ಅಲ್ಲ, ಅಂಥದ್ದನ್ನು ಹೊಸ್ತಿಲ ಮುಂದೆ ಹಾಕಬಾರದು ಎಂದು ನಮ್ಮವ್ವ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದಳು. ಆ ಪಾಠ ಪಂಚೆಯ ಮೇಲೂ ಹರಿಯಿತು.

ಮುಗಿದ ದಿನ ಪಂಚೆಯನ್ನು ಗೋಡೆಗೆ ಕಟ್ಟಿದೆವು. ಹತ್ತನೇ ತರಗತಿಯ ಹುಡುಗಿಯೊಬ್ಬಳು ನೋಡಿ ಕೂಗಿದಳು, "ಮಿಸ್, ಈ ನಕ್ಷತ್ರದಲ್ಲಿ ಪೂರ್ತಿ ನೀಲೀನೇ ಮಿಸ್! ಕೆಂಪು ಇಷ್ಟೇ ಇಷ್ಟು!"

ಮೇಡಂ ಪಂಚೆಯ ಮುಂದೆ ಬಂದು ನಿಂತರು. ಹೆಗಲು ಕುಲುಕಿತು. ಅಳುತ್ತಿದ್ದಾರೆಂದು ನನಗೆ ಗಾಬರಿ. ನೋಡಿದರೆ ನಗುತ್ತಿದ್ದರು.

"ಅಯ್ಯೋ ಅಕ್ಕಾ! ನಕ್ಷತ್ರಾನ ರಂಗೋಲಿ ಮಾಡ್ಬಿಟ್ರಲ್ಲ!"

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವರು ಮಾತ್ರ ಒಲೆಯ ಪಕ್ಕದ ಡಬ್ಬಿಯಿಂದ ಹಿಡಿ ಅವರೆಕಾಳು ತೆಗೆದು ನೆಲದ ಮೇಲೆ ಕೂತರು.

"ನೋಡಿ. ನೀವು ಶ್ರೀರಂಗಪಟ್ಟಣದಲ್ಲಿ ಬಸ್ ಹತ್ತಿದ್ರಿ, ನಾಗಮಂಗಲಕ್ಕೆ ಹೋಗ್ಬೇಕು. ಪಾಂಡವಪುರದವರೆಗೆ ಕಿಟಕಿ ಪಕ್ಕ ಕೂತು ಒಂದೊಂದು ಸ್ಟಾಪೂ ನೋಡ್ಕೊಂಡ್ರಿ." ಕಾಳುಗಳನ್ನು ಒತ್ತೊತ್ತಾಗಿ ಇಟ್ಟರು. "ಪಾಂಡವಪುರ ದಾಟಿದ ಮೇಲೆ ನಿದ್ದೆ ಬಂತು. ಎಚ್ಚರ ಆದಾಗ ಅರ್ಧ ದಾರಿ ಮುಗಿದಿತ್ತು. ಆಮೇಲೆ ತೂಕಡಿಸ್ತಾ ತೂಕಡಿಸ್ತಾ ಎರಡೋ ಮೂರೋ ಊರು ನೋಡಿದ್ರಿ. ನಾಗಮಂಗಲ ಬಂತು." ಇನ್ನು ನಾಲ್ಕು ಕಾಳುಗಳನ್ನು ಮೊದಲಿನವುಗಳ ಪಕ್ಕಕ್ಕೇ ಒತ್ತಾಗಿ ಇಟ್ಟರು. "ಈಗ ನೋಡಿದ ಊರಿಗೆ ಒಂದು ಕಾಳು ಅಂತ ಸಮವಾಗಿ ಜೋಡಿಸಿದ್ದೀನಿ. ಇದನ್ನು ನೋಡಿದೋರು ಏನಂತಾರೆ? ಶ್ರೀರಂಗಪಟ್ಟಣದಿಂದ ಪಾಂಡವಪುರ ಭಾರಿ ದೂರ, ಅಲ್ಲಿಂದ ನಾಗಮಂಗಲ ಇಲ್ಲೇ ಪಕ್ಕದಲ್ಲೇ ಅಂತಾರೆ. ಹೌದಾ?"

"ಇಲ್ಲ. ಅದು ಅದರ ನಾಕರಷ್ಟದೆ."

"ಮತ್ತೆ ನಿದ್ದೆ ಮಾಡಿದ ದಾರಿ ಎಲ್ಲಿ ಹೋಯ್ತು?"

ನಾನು ಕಾಳುಗಳನ್ನು ನೋಡಿದೆ. ನಿದ್ದೆ ಮಾಡಿದ ದಾರಿ ಅಲ್ಲಿರಲೇ ಇಲ್ಲ. ಎರಡು ಕಾಳು ಅಂಟಿಕೊಂಡು ಕೂತಿದ್ದವು.

ಆಗ ಪಟ್ಟಿಯ ಮೊದಲ ಸಾಲನ್ನು ಓದಿಸಿದರು. ನೀಲಿಯ ಕಡೆ ಐದೈದು ಅಂಕಿಗೊಮ್ಮೆ ಅಳೆದಿದ್ದರು. ಕೆಂಪಿನ ಕಡೆ ಇನ್ನೊಂದು ಯಂತ್ರದಲ್ಲಿ ನಲವತ್ತು ಅಂಕಿಗೊಮ್ಮೆ. ನಡುವೆ ಐದು ಸಾವಿರದ ನಾನೂರರಿಂದ ಐದು ಸಾವಿರದ ಎಂಟುನೂರರವರೆಗೆ ಎರಡು ಯಂತ್ರವೂ ಮುಟ್ಟಿರಲಿಲ್ಲ. ಅಲ್ಲಿ ಅಳತೆಯೇ ಇಲ್ಲ. ನಾನು ಅದರ ಎರಡು ದಡವನ್ನೂ ಅರ್ಧ ಬೆರಳಿನ ಅಂತರಕ್ಕೆ ತಂದು ಹೊಲಿದುಬಿಟ್ಟಿದ್ದೆ.

ಇನ್ನೊಂದು ಪಂಚೆಯ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಮೊದಲ ಸಾಲಿನ ಅಂಕಿಗೆ ಸರಿಯಾಗಿ ಅಡಿಕೋಲು ಹಿಡಿದು, ಚುಕ್ಕಿ ಬೀಳಬೇಕಾದ ಕಡೆಯೇ ಬೀಳಿಸಿದೆ. ನೀಲಿಯ ಕಡೆ ಸಾಸಿವೆ ಚೆಲ್ಲಿದ ಹಾಗೆ ಒತ್ತೊತ್ತು, ಕೆಂಪಿನ ಕಡೆ ದೂರ ದೂರ, ನಡುವೆ ಒಂದು ಗೇಣಿಗಿಂತ ಹೆಚ್ಚು ಖಾಲಿ ಬಟ್ಟೆ. ಮೊದಲ ಪಂಚೆಯಲ್ಲಿ ನೀಲಿಯ ಕಡೆ ಒಂದು ಹಳ್ಳ ಕೆರೆಯಷ್ಟು ಅಗಲವಾಗಿತ್ತು, ಕೆಂಪಿನ ಕಡೆಯದು ಸೂಜಿ ಚುಚ್ಚಿದ ಹಾಗಿತ್ತು. ಈಗ ನೋಡಿದರೆ ಎರಡೂ ಮೂರು ಮೂರು ಬೆರಳಗಲ! ಎರಡನ್ನೂ ತೋಡಿದ್ದು ಒಂದೇ ಅನಿಲ, ಜಲಜನಕ ಎಂದರು ಮೇಡಂ. ಮತ್ತೆ ಬೆರಳಿಟ್ಟು ನೋಡಿದೆ, ಮೂರೇ.

"ಆದ್ರೆ ಮೇಡಮ್ಮೋರೆ, ನೀಲಿ ಕಡೆ ಚುಕ್ಕಿ ನಡುಗ್ದಂಗ್ ಅವೆ. ಕೆಂಪ್ ಕಡೆ ನುಣ್ಣಗದೆ. ಅದ್ಯಾಕೆ?"

"ನಯವಾಗಿ ಕಂಡಿದ್ದೆಲ್ಲ ನಯ ಅಲ್ಲ ಅಕ್ಕಾ. ಅಲ್ಲಿ ನಾವು ಕಡಿಮೆ ಸಲ ನೋಡಿದ್ದೀವಿ, ಅಷ್ಟೆ. ಕೆಂಪು ಹಳ್ಳದ ತಳ ಇನ್ನೂ ಆಳ ಇರಬಹುದು. ಎರಡು ಚುಕ್ಕಿ ಮಧ್ಯ ಬಿದ್ದಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?"

ಈ ಮಾತನ್ನು ನಾನು ಮನುಷ್ಯರಿಗೂ ಹಿಡಿದು ನೋಡಿದ್ದೇನೆ. ತಪ್ಪಿಲ್ಲ.

ಪಾಂಡವಪುರಕ್ಕೆ ನನ್ನನ್ನೂ ಕರೆದುಕೊಂಡು ಹೋದರು. "ಬಿಡಿಸಿದ್ದು ನೀವು, ನೀವೇ ಹಿಡ್ಕೊಂಡು ಬನ್ನಿ" ಎಂದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕು ಕಡೆಯ ಶಾಲೆಗಳೂ ಬಂದಿದ್ದವು. ಜ್ವಾಲಾಮುಖಿ ಉಕ್ಕುತ್ತಿತ್ತು, ಬಲ್ಬು ಹತ್ತಿ ಆರುತ್ತಿತ್ತು. ನಮ್ಮದು ಒಂದು ಪಂಚೆ. ಪಕ್ಕದ ಶಾಲೆಯ ಮೇಷ್ಟ್ರು ಬಂದು ಇಣುಕಿ, "ಏನ್ ಮೇಡಂ, ಒಗ್ದಾಕಿದ್ದ ಬಟ್ಟೆ ಒಣಗಾಕಿದ್ದೀರಾ? ಮಸಿ ಹೋಗೇ ಇಲ್ವಲ್ಲ" ಎಂದು ನಕ್ಕು ಹೋದರು.

ಮಧ್ಯಾಹ್ನ ತೀರ್ಪುಗಾರರು ಬಂದರು. ಹಿರಿಯರು, ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು. ನಮ್ಮ ಹುಡುಗಿ ವಿವರಿಸಿದ್ದನ್ನು ಪೂರ್ತಿ ಕೇಳಿದರು. ತಲೆದೂಗಿದರು. ಅವರಿಗೆ ನಮ್ಮ ಪಂಚೆ ನಿಜವಾಗಿಯೂ ಹಿಡಿಸಿತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ.

"ಎಲ್ಲಾ ಸರಿ ಮೇಡಂ. ಮಧ್ಯ ಯಾಕೆ ಬಟ್ಟೆ ಖಾಲಿ ಬುಟ್ಟಿದ್ದೀರಿ? ಹಲ್ಲು ಬಿದ್ದ ಬಾಯಿ ಕಂಡಂಗ್ ಕಾಣುತ್ತೆ."

"ಅಲ್ಲಿ ಅಳತೆ ಇಲ್ಲ ಸರ್."

"ಈ ಕಡೆ ಚುಕ್ಕಿ, ಆ ಕಡೆ ಚುಕ್ಕಿ ಇದೆಯಲ್ಲ. ಒಂದು ಗೆರೆ ಎಳೆದ್ರೆ ಆಯ್ತು. ನೋಡೋರ್‌ಗೂ ಅರ್ಥ ಆಗುತ್ತೆ. ಎಲ್ರೂ ಎಳೀತಾರೆ." ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಮೇಡಂ ಕೈಗೆ ಕೊಟ್ಟರು. "ಎಳೀರಿ. ಫಸ್ಟ್ ನಿಮ್ದೇ ಅಂತ ಈಗ್ಲೇ ಬರೀತೀನಿ."

ನನಗೆ ಮೇಡಂ ಕೈಯೊಂದೇ ಕಾಣುತ್ತಿತ್ತು. ಆ ಕೈ ಮೆಟ್ಟಿಲ ಕೆಳಗಿನ ಜಾಗವನ್ನು ಗುಡಿಸಿದ ಕೈ. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಎಳೆದುಬಿಡಿ ಮೇಡಮ್ಮೋರೆ, ಒಂದು ಗೇಣು ಗೆರೆ, ಯಾರಿಗೆ ಏನು ನಷ್ಟ ಎಂದು. ಹೌದು, ನಾನು ಹಾಗೇ ಬೇಡಿಕೊಂಡೆ.

ಅವರು ಮುಚ್ಚಳ ಹಾಕಿ ಪೆನ್ನನ್ನು ಹಿಂದಕ್ಕೆ ಕೊಟ್ಟರು. "ನಿದ್ದೆ ಮಾಡಿದ ದಾರಿ ಸರ್ ಇದು. ಏನಿತ್ತು ಅಂತ ನಾನು ಹೇಳಲಾರೆ. ಗೊತ್ತಿಲ್ಲ ಅಂತ ಹೇಳೋಕೆ ಇಷ್ಟು ಜಾಗ ಬಿಟ್ಟಿದ್ದೀನಿ."

"ಹಟ ಮೇಡಂ ಇದು."

"ಇರಬಹುದು ಸರ್."

ಫಸ್ಟು ಜ್ವಾಲಾಮುಖಿಗೆ ಹೋಯಿತು. ನಮಗೆ ಮೂರನೆಯದೂ ಬರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಹುಡುಗಿಯರು ಅತ್ತರು. ಮೇಡಂ ಸಮಾಧಾನ ಹೇಳಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತಾ ಕೂತರು. ಅವರ ಕಣ್ಣು ಒದ್ದೆಯಾಗಿತ್ತೋ ಇಲ್ಲವೋ, ನಾನು ಕೂತ ಕಡೆಯಿಂದ ಕಾಣುತ್ತಿರಲಿಲ್ಲ.

ಮುಂದಿನ ವರ್ಷ ಅವರಿಗೆ ನಾಗಮಂಗಲ ತಾಲ್ಲೂಕಿಗೆ ವರ್ಗವಾಯಿತು. ಪೆನ್ನು ವಾಪಸ್ಸು ಕೊಟ್ಟಿದ್ದಕ್ಕೇ ವರ್ಗ ಮಾಡಿಸಿದರು ಎಂದು ಊರಿನಲ್ಲಿ ಮಾತಾಡಿಕೊಂಡರು. ನಾನು ಹಾಗೆನ್ನುವುದಿಲ್ಲ. ಆ ಎರಡರ ನಡುವೆ ಏನಾಯಿತೆಂದು ನಾನು ಕಂಡಿಲ್ಲ. ಕಂಡಿದ್ದು ಇಷ್ಟು: ಒಂದು ಸೋಮವಾರ ಅವರು ಬರಲಿಲ್ಲ. ನನಗೆ ಒಂದು ಮಾತೂ ಹೇಳಿ ಹೋಗಲಿಲ್ಲ. ಐದು ವರ್ಷ ದಿನಾ ಮುಖ ನೋಡಿದವರು. ಎರಡು ವರ್ಷ ಅವರ ಮೇಲೆ ಕೋಪ ಇಟ್ಟುಕೊಂಡಿದ್ದೆ.

ಆಮೇಲಿನ ವರ್ಷಗಳಲ್ಲಿ ಅವರನ್ನು ಎರಡೇ ಸಲ ಕಂಡೆ. ಒಮ್ಮೆ ಬಸ್ಸಿನ ಕಿಟಕಿಯಿಂದ, ಮಾತಿಲ್ಲ. ಇನ್ನೊಮ್ಮೆ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ. ತಂಗಿಯ ಮೊಮ್ಮಗುವಿನ ನಾಮಕರಣ ಮುಗಿಸಿಕೊಂಡು ನಾನು ಬಸ್ಸು ಕಾಯುತ್ತಿದ್ದೆ. ಅವರೇ ಬಂದು ಪಕ್ಕದಲ್ಲಿ ಕೂತರು. ಮಂಡಿ ನೋವಿಗೆ ಕಾಲು ನೀಡಿಕೊಂಡು, ಹೇಗಿದ್ದೀರಿ ಎಂದು ಕೂಡ ಕೇಳದೆ ಶುರು ಮಾಡಿದರು.

"ಅಕ್ಕಾ, ಆ ಖಾಲಿ ಜಾಗದ ಅಂಕಿ ಬಂತು. ಬೇರೆ ಯಂತ್ರದಲ್ಲಿ ಅಳೆದು ಕಳಿಸಿದ್ರು."

"ಏನಿತ್ತು? ಹಳ್ಳ ಇತ್ತಾ?"

"ಏನೂ ಇರಲಿಲ್ಲ. ಸಪಾಟು. ಅವರು ಎಳೀರಿ ಅಂದ ಗೆರೆ ಹೆಚ್ಚು ಕಮ್ಮಿ ಅಲ್ಲೇ ಬೀಳ್ತಿತ್ತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಜೀವಮಾನದಲ್ಲಿ ಅವರೆದುರು ಮೊದಲ ಸಲ ದನಿ ಎತ್ತಿದೆ. "ಅಂಗಾರೆ ಅವತ್ತೇ ಎಳ್ದ್ಬುಟ್ಟಿದ್ರೆ ಆಯ್ತಿರ್ನಿಲ್ವಾ! ದೂರದರ್ಸಕ ಬತ್ತಿತ್ತು. ಐಕ್ಳು ಅಳ್ತಿರ್ನಿಲ್ಲ. ಅವ್ರ್ ಯೋಳಿದ್ದೇ ಸರಿ ಆಯ್ತಲ್ಲ!"

"ಕಣ್ಣು ಮುಚ್ಚಿ ಹೊಡೆದ ಕಲ್ಲು ಮಾವಿನಕಾಯಿಗೆ ಬಿತ್ತು ಅಂದ್ರೆ ಅವನಿಗೆ ಗುರಿ ಗೊತ್ತಿತ್ತು ಅಂತೀರಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ನಮಗೆ ಗೊತ್ತಿತ್ತಾ ಅಕ್ಕಾ?"

"ಇಲ್ಲ."

"ಹಂಗಾದ್ರೆ ಅವತ್ತು ಅದು ಖಾಲೀನೇ."

ನಾಗಮಂಗಲದ ಬಸ್ಸು ಬಂತು. ಹತ್ತಿ ಹೋದರು. ನಾಗಮಂಗಲದ ಶಾಲೆಯಲ್ಲಿ ಅವರು ಹೇಗಿದ್ದರು, ನಿವೃತ್ತರಾದ ಮೇಲೆ ಏನು ಮಾಡುತ್ತಿದ್ದರು, ಕೊನೆಯಲ್ಲಿ ಎಷ್ಟು ನರಳಿದರು, ಇದೊಂದೂ ನನಗೆ ಗೊತ್ತಿಲ್ಲ. ಐದು ವರ್ಷ ಒತ್ತೊತ್ತಾಗಿ ಕಂಡೆ, ಆಮೇಲೆ ಎರಡು ಸಲ. ಅಷ್ಟನ್ನೇ ಬರೆಯುತ್ತೇನೆ. 'ಜೀವನವಿಡೀ ನಗುನಗುತ್ತಾ ಸೇವೆ ಮಾಡಿದರು' ಎಂದು ಶಾಲೆಯ ಕರಪತ್ರದಲ್ಲಿ ಹಾಕಿದ್ದಾರೆ. ಯಾರು ಅಳೆದರು?

ಸಭೆ ಹೋದ ಶನಿವಾರ ಬೆಳಿಗ್ಗೆ ನಡೆಯಿತು. ಮೇಡಂ ಅವರ ತಮ್ಮ ಶ್ರೀರಂಗಪಟ್ಟಣದಿಂದ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಸಭೆಗೆ ಮೊದಲು ನನ್ನ ಹತ್ತಿರ ಬಂದು, "ಬಹನ್, ಆಪಾ ಹೆಸರು ಗೋಡೆ ಮೇಲೆ ಬರುತ್ತೆ ಅಂತ ಮನೇಲಿ ಎಲ್ಲರಿಗೂ ಖುಷಿ. ಮಕ್ಕಳು ಬಂದು ನೋಡ್ಬೇಕು ಅಂತಿದ್ದಾರೆ" ಎಂದಿದ್ದರು. ಅಕ್ಕನನ್ನು ಅವರು ಆಪಾ ಎಂದೇ ಕರೆಯುವುದು. ಒಂದು ಹೂಂ. ಸುಳ್ಳಿನಲ್ಲಿ ಎಷ್ಟು ಸಣ್ಣದು ಅದು! ಆ ಹೆಸರು ಅಲ್ಲಿರಲು ಯೋಗ್ಯವೂ ಹೌದು. ಗೆರೆ ಬೀಳುವುದು ಸರಿಯಾದ ಜಾಗಕ್ಕೇ.

ಹೆಡ್‌ಮಾಸ್ಟರು ಮೈಕನ್ನು ನನ್ನ ಬಾಯಿಯ ಹತ್ತಿರಕ್ಕೆ ಬಗ್ಗಿಸಿದರು. ಮೈಕಿನಲ್ಲಿ ನನ್ನ ಉಸಿರು ಎಲ್ಲರಿಗೂ ಕೇಳುತ್ತಿತ್ತು.

"ಪ್ರೈಜು ಬರ್ನಿಲ್ಲ" ಎಂದೆ.

ಗುಜುಗುಜು ಎದ್ದಿತು. ಹಿಂದಿನಿಂದ ಯಾವನೋ, "ಅಜ್ಜಿಗೆ ಮರ್ತೋಗದೆ ಕಣ್ಲಾ" ಎಂದ.

"ಮರ್ತಿಲ್ಲ ಕಣ್ಲಾ. ಮರ್ತಿದ್ರೆ ಬಂದಿತ್ತು ಅಂತಿದ್ದೆ. ಬರೋದ್ರಲ್ಲಿತ್ತು. ಒಂದ್ ಗೇಣು ಗೆರೆ ಎಳ್ದಿದ್ರೆ ಬತ್ತಿತ್ತು. ಪೆನ್ನು ಕೈಗೇ ಕೊಟ್ಟಿದ್ರು. ನಮ್ ಮೇಡಮ್ಮು ಎಳೀನಿಲ್ಲ. ಅಳ್ದಿಲ್ದ ಜಾಗಕ್ಕೆ ಗೆರೆ ಎಳೀನಿಲ್ಲ. ಅವ್ರ್ ದೊಡ್ಡೋರು ಅಂತ ನಾನ್ ಯೋಳೋದು ಅದಕ್ಕೆ, ಪ್ರೈಜಿಗಲ್ಲ. ಇಲ್ ಕಟ್ಟಿದ್ದೀರಲ್ಲ ಈ ಚಿತ್ರ, ಇದರ ಗೆರೆ ನಮ್ದಲ್ಲ. ನಮ್ದು ಚುಕ್ಕಿ ಅಷ್ಟೇಯ. ಮಧ್ಯ ಖಾಲಿ ಇತ್ತು."

ಅಷ್ಟು ಉದ್ದ ನಾನು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. ಹೆದರಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹೆದರಿದ್ದೆ. ಮೈಕಿನ ಕಂಬ ಹಿಡಿದುಕೊಂಡಿದ್ದೆ.

ಕೊನೆಯ ಸಾಲಿನಲ್ಲಿ ಮೇಡಂ ಅವರ ತಮ್ಮ ಎದ್ದು ನಿಂತರು. ಹೊರಗೆ ಹೋದರು. ಅವರಿಗೆ ನೋವಾಯಿತೋ, ಅಕ್ಕನ ನೆನಪಾಯಿತೋ, ನನಗೆ ಗೊತ್ತಿಲ್ಲ.

ಬಾಗಿಲ ಮೇಲೆ ಈಗ ಆ ಮನುಷ್ಯನ ತಂದೆಯ ಹೆಸರಿದೆ. ಕಂಪ್ಯೂಟರಿನ ಚಿತ್ರವನ್ನು ಇಳಿಸಿದರು. ಜನ ಕರಗಿದ ಮೇಲೆ ಹೆಡ್‌ಮಾಸ್ಟರು ಸಭೆಯ ನಡಾವಳಿ ಪುಸ್ತಕವನ್ನು ಮುಂದಿಟ್ಟುಕೊಂಡು, ಬರೆಯಲಾರದೆ ಕೂತಿದ್ದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಬೇಸರದಿಂದ ಕೇಳಿದರು.

"ಇದ್ರಿಂದ ಮೇಡಂಗೆ ಏನ್ ಸಿಕ್ತಮ್ಮ, ನಿಮ್ಗೆ ಏನ್ ಸಿಕ್ತು?"

"ಏನೂ ಸಿಗ್ನಿಲ್ಲ ಸಾ" ಎಂದೆ. "ಅದ್ನೂ ಅಂಗೇ ಬರ್ಕಳಿ."